ಬಳೆಗಾರ್ತಿಯೊಡನೆ ಹೈದರಾಬಾದಿಗೆ

ನಮ್ಮ ಆಯಿಯ ಎರಡೂ ಕಣ್ಣಿಗೆ ಮೋತಿಬಿಂದು ಬಂದಿತ್ತು. ಆಯಿ ಅಂದರೆ ಅಪ್ಪನ ತಾಯಿ. ಭಾಲ್ಕಿಯ ನಮ್ಮ ಓಣಿಯಲ್ಲಿ ಅಜ್ಜಿಯನ್ನು ಹಾಗೇ ಕರೆಯುತ್ತಿದ್ದರು. ಕಣ್ಣಗುಡ್ಡೆಯ ಮೇಲೆ ಹಾಲಿನ ಕೆನೆಯಂಥದು ಕಟ್ಟಿ, ಆಕೆಗೆ ಹೊತ್ತು ಏರಿತು, ಹೊತ್ತು ಇಳಿಯಿತು ಅನ್ನುವಷ್ಟೇ ಕಾಣುತ್ತಿತ್ತು. ನನಗಾಗ ಒಂಬತ್ತು ವರ್ಷ. ಬಾಗಿಲಿಗೆ ಯಾರು ಬಂದರು, ಅವರ ಕೈಯಲ್ಲಿ ಏನಿದೆ ಎಂದು ಆಯಿಗೆ ಹೇಳುವ ಕೆಲಸ ನನ್ನದು. ಬರೀ ‘ಯಾರೋ ಬಂದ್ರು’ ಅಂದರೆ ಆಕೆಗೆ ಸಿಟ್ಟು ಬರುತ್ತಿತ್ತು.

“ಬಂದ್ರು ಅಂದ್ರ ಹ್ಯಾಂಗ ಬಂದ್ರು? ನಕ್ಕೋತ ಬಂದ್ರೋ, ಮಾರಿ ಸಣ್ಣದು ಮಾಡ್ಕೊಂಡು ಬಂದ್ರೋ? ಅದು ಹೇಳು ಮೊದಲ. ಹೆಸರ ಆಮ್ಯಾಲ.”

ಪೊಲೀಸ್ ಆಕ್ಷನ್ ಆಗಿ ಐದು ತಿಂಗಳು ಕಳೆದಿದ್ದವು. ಜೋಳದ ರಾಶಿ ಮುಗಿದು ಮನೆಯ ಮೂಲೆಯಲ್ಲಿ ಚೀಲಗಳು ನಿಂತಿದ್ದವು. ಒಂದು ಮುಂಜಾನೆ ನಮ್ಮ ಬಳೆಗಾರ್ತಿ ಬಂದು ಕಟ್ಟೆಯ ಮೇಲೆ ಕೂತಳು. ಆಕೆ ಮುಸಲ್ಮಾನರವಳು; ನಾವು ಮಕ್ಕಳು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು. ನಾನು ಆಯಿಗೆ, “ಖಾಲಾ ಬಂದಾಳ. ಮಲಾರ ಹೆಗಲಿಗಿ ಅದ. ಕೈಯಾಗ ಬಳಿ ಇಲ್ಲ” ಅಂದೆ.

“ಯಾರ ಕೈಯಾಗ?”

“ಅಕಿ ಕೈಯಾಗೇ, ಆಯಿ.”

ಆಯಿ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಬಂದು ಆಕೆಯ ಎರಡೂ ಮುಂಗೈ ಸವರಿ ನೋಡಿದಳು. ನಾನು ಹೇಳಿದ್ದು ಒಮ್ಮೆಯೂ ಸುಳ್ಳಾಗಿರಲಿಲ್ಲ. ಆದರೂ ಆ ದಿನ ಆಯಿ ನನ್ನ ಮಾತನ್ನು ನಂಬಲಿಲ್ಲ.

ಖಾಲಾ ಠಾಣಾ ಕುಶನೂರ ಕಡೆಯ ಒಂದು ಸಣ್ಣ ಹಳ್ಳಿಯವಳು. ಆಯಿಯ ತವರೂ ಆ ಕಡೆಯದೇ. ಹೈದರಾಬಾದಿನಿಂದ ಹುಲ್ಲು ತುಂಬಿದ ಬುಟ್ಟಿಯಲ್ಲಿ ಬಳೆ ತರುವುದು ಆಕೆಯ ಗಂಡನ ಕೆಲಸ; ಹಗ್ಗಕ್ಕೆ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಊರೂರಿಗೆ ಹೋಗಿ ತೊಡಿಸುವುದು ಆಕೆಯದು. ಔರಾದಿನಿಂದ ಭಾಲ್ಕಿಯ ತನಕ ಆಕೆ ಹಿಡಿಯದ ಕೈ ಇಲ್ಲ. ಎಂಥ ಗಡುಸು ಕೈಯನ್ನೂ ಬೆರಳ ಗೆಣ್ಣು ಒತ್ತಿ ಒತ್ತಿ ಬೆಣ್ಣೆ ಮಾಡಿ, ಅಂಗೈಗಿಂತ ಸಣ್ಣ ಬಳೆಯನ್ನು ನೋವಾಗದ ಹಾಗೆ ಏರಿಸುತ್ತಿದ್ದಳು. ತೊಟ್ಟಾದ ಮೇಲೆ ತೊಟ್ಟವರು ಬಳೆಗಾರ್ತಿಯ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು. ಅದು ನಮ್ಮ ಕಡೆಯ ಪದ್ಧತಿ. ಬಳೆ ತೊಡಿಸುವವಳು ಆ ಹೊತ್ತಿಗೆ ತವರಿನವಳು. ಗೌಡರ ಸೊಸೆಯೂ ಬಾಗುತ್ತಿದ್ದಳು, ನಮ್ಮವ್ವನೂ ಬಾಗುತ್ತಿದ್ದಳು. ಖಾಲಾ ತಲೆಯ ಮೇಲೆ ಕೈ ಇಟ್ಟು, “ಮುತ್ತೈದಿಯಾಗಿ ಬಾಳ ಬೇಟಾ” ಅನ್ನುತ್ತಿದ್ದಳು. ನೀರು ಮಾತ್ರ ಆಕೆಗೆ ಬೊಗಸೆಗೆ ಎತ್ತರದಿಂದ ಹೊಯ್ಯುತ್ತಿದ್ದರು. ಅದೂ ನಮ್ಮ ಕಡೆಯ ಪದ್ಧತಿಯೇ. ಎರಡನ್ನೂ ಒಂದೇ ಮನೆಯಲ್ಲಿ, ಒಂದೇ ಗಳಿಗೆಯಲ್ಲಿ ಮಾಡುತ್ತಿದ್ದೆವು.

ಹಿಂದಿನ ಮಳೆಗಾಲದಲ್ಲಿ ರಜಾಕಾರರ ಹೆದರಿಕೆಗೆ ಅಪ್ಪ ಮತ್ತು ಓಣಿಯ ಗಂಡಸರು ಹೊಲದಲ್ಲಿ ಮಲಗುತ್ತಿದ್ದರು. ಒಂದು ಸಂಜೆ ಖಾಲಾಳ ಗಂಡ ನಮ್ಮ ಅಂಗಳದಲ್ಲಿ ನಿಂತು, ಬುಟ್ಟಿಯನ್ನೂ ಇಳಿಸದೆ, “ಅಣ್ಣಾ, ಈ ವಾರ ಊರಾಗ ಇರಬ್ಯಾಡ್ರಿ” ಎಂದಷ್ಟೇ ಹೇಳಿ ಹೋಗಿದ್ದ. ನಾವು ಬಂಡಿ ಕಟ್ಟಿಕೊಂಡು ಸೋದರತ್ತೆಯ ಊರಿಗೆ ಹೋದೆವು. ಆಮೇಲೆ ಹಿಂದುಸ್ತಾನದ ಫೌಜು ಬಂತು, ನಿಜಾಮರ ರಾಜ್ಯ ಮುಗಿಯಿತು. ನಮ್ಮ ಮನೆಯಲ್ಲಿ ಕೂತಿದ್ದ ಹೆದರಿಕೆ ಎದ್ದು ಅವರ ಮನೆಗೆ ಹೋಗಿ ಕೂತಿತು. ಆ ದಿನಗಳಲ್ಲೇ ಬಳೆ ಬುಟ್ಟಿ ಹೊತ್ತು ಹಳ್ಳಿಗಳ ಕಡೆ ಹೋದ ಆ ಮನುಷ್ಯ ತಿರುಗಿ ಬರಲಿಲ್ಲ. ಬುಟ್ಟಿ ಸಿಕ್ಕಿತು, ಒಂದು ಹಳ್ಳದ ದಂಡೆಯಲ್ಲಿ. ಅಷ್ಟೇ.

“ಮೈದುನ ಹೇಳ್ದ, ಸತ್ತಾನ ಅಂತ ತಿಳ್ಕೋ ಅಂತ,” ಖಾಲಾ ಕಟ್ಟೆಯ ಮೇಲೆ ಕೂತು ಅಪ್ಪನಿಗೆ ಹೇಳಿದಳು. “ನಾಲ್ಕು ತಿಂಗಳು ಹತ್ತು ದಿನ ನಮ್ಮೊಳಗ ಸೂತಕದ ಲೆಕ್ಕ ಇರ್ತದಲ್ರಿ. ಅದರ ಸಲುವಾಗಿ ಬಳಿ ತಗೀ ಅಂದ್ರು. ನಾ ತಗೀಲಿಲ್ಲ. ಕೈ ಹಿಡದು ಒಡದ್ರು, ಅಣ್ಣಾ. ಹೆಣಾ ಯಾರೂ ನೋಡಿಲ್ಲ. ಈಗ ಆ ದಿನಾನೂ ಮುಗದು ಹ್ವಾದವು.”

ಆಕೆ ಬಂದ ಕಾರಣ ಬೇರೆಯೇ ಇತ್ತು. ಹೈದರಾಬಾದಿಗೆ ಹೋಗಿ ಬಂದ ನಮ್ಮ ಊರಿನ ಅರಿವೆ ಅಂಗಡಿಯವನೊಬ್ಬ, ಅಲ್ಲಿ ಅರಗಿನ ಬಳೆ ಮಾಡುವ ಗಲ್ಲಿಯಲ್ಲಿ ಒಲೆಯ ಮುಂದೆ ಕೂತ ಒಬ್ಬನನ್ನು ನೋಡಿದ್ದನಂತೆ. ಎಡಗೈಯಿಂದ ರುಮಾಲು ಸುತ್ತಿಕೊಳ್ಳುತ್ತಿದ್ದನಂತೆ. ಖಾಲಾಳ ಗಂಡನೂ ಎಡಚ. ಅಂಗಡಿಯವನು ಕೂಗಿದರೆ ಆ ಮನುಷ್ಯ ತಿರುಗಿ ನೋಡದೆ ಒಳಗೆ ಹೋಗಿಬಿಟ್ಟನಂತೆ.

“ನಿಮ್ಮ ತಾಯಿ ಕಣ್ಣ ತೋರಸಲಿಕ್ಕಿ ನೀವು ಹೈದರಾಬಾದಿಗಿ ಹೊಂಟೀರಿ ಅಂತ ಕೇಳ್ದೆ. ನನಗ ನಿಮ್ಮ ಜೋಡಿ ಕರ್ಕೊಂಡು ಹೋಗ್ರಿ. ಒಬ್ಬಾಕಿ ಹೋಗೋ ಕಾಲ ಅಲ್ರಿ ಇದು.”

“ಎಡಗೈಲೆ ರುಮಾಲು ಸುತ್ತೋರು ಊರಿಗಿ ಹತ್ತು ಮಂದಿ ಇರ್ತಾರ ಭಾಬಿ,” ಅಪ್ಪ ಮೆಲ್ಲಗೆ ಅಂದ. “ಅಂವ ಅಲ್ಲಂದ್ರ?”

“ಅಲ್ಲಂದ್ರ ಅಲ್ಲಂತ ಗೊತ್ತಾಗ್ತದಲ್ರಿ.”

ಅವ್ವ ಒಳಗಿನಿಂದ, “ನನ್ನ ಪೆಟ್ಟಗಿಯಾಗ ಹಸರ ಬಳಿ ಅವ, ಹಾಕ್ಕೊಂಡು ಬಾ. ಬರಿಗೈಲೆ ಪ್ರವಾಸ ಹೊಂಡೋದು ಚಲೋ ಅಲ್ಲ” ಅಂದಳು. ಖಾಲಾ ಒಪ್ಪಲಿಲ್ಲ. “ಒಡಿಯೋರು ಒಡದ್ರು, ಅಕ್ಕಾ. ತೊಡೋದು ಮಾತ್ರ ನಾ ಕಣ್ಣಿಂದ ನೋಡಿದ ಮ್ಯಾಲ. ಇಲ್ಲಂದ್ರ ಎರಡನೇ ಸಲ ನಾನೇ ಒಡಕೋಬೇಕಾಗ್ತದ.”

ಹೀಗೆ ನಾವು ಐದು ಜನ ಹೊರಟೆವು: ಅಪ್ಪ, ಅವ್ವ, ಆಯಿ, ಖಾಲಾ, ನಾನು.

ಭಾಲ್ಕಿಯ ಸ್ಟೇಶನ್ನಿಗೆ ನಾವು ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಒಂದು ಗಂಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಇನ್ನೊಂದರಲ್ಲಿ ಹಾಸಿಗೆ. ಆಯಿಯ ತಂಬಿಗೆ ಆಯಿಯ ಕೈಯಲ್ಲೇ. ಆಕೆ ಹೊರಗಿನ ನೀರು ಕುಡಿಯುವವಳಲ್ಲ. ಹಲಗೆಯ ಮೇಲೆ ಊರ ಹೆಸರು ದೊಡ್ಡದಾಗಿ ಉರ್ದುವಿನಲ್ಲಿತ್ತು. ಅಪ್ಪ ಉರ್ದು ಸಾಲೆಯಲ್ಲೇ ಕಲಿತವನು. ನಿಂತು ಓದಿಕೊಂಡ, ಹುಟ್ಟಿದ ಊರು ಅದೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವನ ಹಾಗೆ.

ಗಾಡಿ ಬಂತು. ಮೂರನೇ ದರ್ಜೆಯ ಡಬ್ಬಿಯಲ್ಲಿ ಮರದ ಬಾಕುಗಳು. ಆಯಿಯನ್ನು ಕಿಟಕಿಯ ಪಕ್ಕ ಕೂಡಿಸಿದೆವು. ಆಕೆಯ ಪಕ್ಕ ನಾನು, ನನ್ನ ಪಕ್ಕ ಖಾಲಾ. ಮಲಾರವನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಸೆರಗು ಮುಚ್ಚಿ ಕೂತಿದ್ದಳು. ಬಳೆಗಳು ಗಾಡಿಯ ಕುಲುಕಿಗೆ ಸಣ್ಣಗೆ ಸದ್ದು ಮಾಡುತ್ತಿದ್ದವು.

“ಇದೇನ ಹೊತ್ಕೊಂಡು ಬಂದಿ?” ಆಯಿ ಕೇಳಿದಳು. “ಹೈದರಾಬಾದಿನವರ ಕೈ ಬರಿದು ಅವೇನು?”

“ಮನ್ಯಾಗ ಬಿಟ್ರ ಮೈದುನ ಮಾರ್ತಾನ್ರಿ ಅಮ್ಮಾ.”

“ಹಂಗಂದ್ರ ತಂದಿದ್ದೇ ಚಲೋ ಆತು.”

ಆಯಿ ಜೀವನದಲ್ಲಿ ಎರಡನೇ ಸಲ ರೈಲು ಹತ್ತಿದ್ದಳು. ಗಾಡಿ ನಿಂತು, ಕೂಗಿ, ಮತ್ತೆ ಎಳೆದಾಗಲೆಲ್ಲ, “ಇದೂ ನನ್ನಂಗೇ ಅದ. ಕುಂತ್ರ ಏಳಂಗಿಲ್ಲ, ಎದ್ರ ಊರಿಗೆಲ್ಲಾ ಕೇಳ್ಬೇಕು” ಅನ್ನುತ್ತಿದ್ದಳು. ಖಾಲಾ ಸೆರಗಿನೊಳಗೇ ನಕ್ಕಳು. ಐದು ತಿಂಗಳಲ್ಲಿ ಆಕೆ ನಕ್ಕದ್ದು ಅದೇ ಮೊದಲಿರಬೇಕು ಅಂತ ಅವ್ವ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ನನಗೆ ಹಾಗೇನೂ ಅನ್ನಿಸಲಿಲ್ಲ. ಒಂಬತ್ತು ವರ್ಷದವಳಿಗೆ ದೊಡ್ಡವರ ನಗು ಎಣಿಸುವ ಬುದ್ಧಿ ಎಲ್ಲಿರುತ್ತದೆ?

ಕಿಟಕಿಯ ಹೊರಗಿನದನ್ನು ಆಯಿಗೆ ಹೇಳುತ್ತ ಹೋದೆ. ಕೊಯ್ದ ತೊಗರಿಯ ಕೂಳೆ, ಬೇಲಿಗೆ ಸಿಕ್ಕ ಕುರಿಯ ಉಣ್ಣೆ, ಕೆಂಪು ಮಣ್ಣು. ಒಂದು ಊರಿನ ಹೊರಗೆ ನಾಲ್ಕೈದು ಮನೆಗಳ ಗೋಡೆ ನಿಂತಿದ್ದವು, ಮಾಡು ಇರಲಿಲ್ಲ, ತೊಲೆಗಳು ಕರಕಲಾಗಿದ್ದವು. ಅದನ್ನೂ ಹೇಳಿದೆ.

“ಯಾರ ಮನಿ?” ಅಂದಳು ಆಯಿ.

ಅಪ್ಪ ಕಾಲಿನ ಕಡೆ ನೋಡುತ್ತಿದ್ದ. ಖಾಲಾ ಮಾತ್ರ ಕಿಟಕಿಯ ಕಡೆ ತಿರುಗಿ, ಆ ಮನೆಗಳು ಹಿಂದೆ ಸರಿದು ಕಾಣದಾಗುವ ತನಕ ನೋಡಿದಳು. ಆಮೇಲೆ, “ಮೂರನೇದು ಹತ್ತಿ ಹಿಂಜೋರದು, ಅಮ್ಮಾ. ಸೊಸಿಗಿ ಎರಡೂಕಾಲು ಅಳತಿ ಬಳಿ ಆಗ್ತಿತ್ತು” ಅಂದಳು. ಊರನ್ನು ಆಕೆ ನೆನಪಿಡುತ್ತಿದ್ದುದೇ ಹಾಗೆ, ಕೈಯ ಅಳತೆಯಲ್ಲಿ.

ಬೀದರದಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಪ್ಲಾಟ್‌ಫಾರ್ಮಿನ ಮೇಲೆ ನಮಗೆ ತಿಳಿಯದ ಮಾತಿನ ಸಿಪಾಯಿಗಳು ಅಡ್ಡಾಡುತ್ತಿದ್ದರು. ಜನ ಒಬ್ಬರ ಮೈಮೇಲೊಬ್ಬರು ಬಿದ್ದು ಹತ್ತಿದರು. ಆ ನೂಕಾಟದಲ್ಲಿ ಒಬ್ಬ ಬಸುರಿ ಹೆಂಗಸು, ಹಿಂದೆ ಆಕೆಯ ತಾಯಿ, ಹೇಗೋ ಒಳಗೆ ಬಂದು ನಮ್ಮ ಎದುರು ಬಾಕಿನಲ್ಲಿ ಕೂತರು. ಬಸುರಿಗೆ ಹದಿನೆಂಟೋ ಇಪ್ಪತ್ತೋ. ಗಂಡನ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ಹೆರಿಗೆಗೆ ತವರಿಗೆ, ಜಹೀರಾಬಾದಿಗೆ, ಹೊರಟವಳು. ಕುಬಸದ ಹಸಿರು ಸೀರೆ, ಹಸಿರು ಕುಬಸ. ಎಡಗೈ ತುಂಬ ಹಸಿರು ಬಳೆ. ಬಲಗೈ ಬಾಗಿಲಿನ ಕಬ್ಬಿಣಕ್ಕೆ ಸಿಕ್ಕು ಎಲ್ಲ ಬಳೆಯೂ ಹೋಗಿದ್ದವು. ಮುಂಗೈಯಲ್ಲಿ ರಕ್ತದ ಒಂದು ಗೆರೆ.

ತಾಯಿಗೆ ಮಗಳ ರಕ್ತಕ್ಕಿಂತ ಬಳೆಯ ಚಿಂತೆ ಹೆಚ್ಚಿತ್ತು. “ಒಂದು ಕೈ ಬರಿದು ಮಾಡ್ಕೊಂಡು ತವರಿನ ಹೊಸ್ತಿಲ ಹ್ಯಾಂಗ ದಾಟ್ತೀ? ನಿಮ್ಮತ್ತಿ ಕೇಳಿದ್ರ ನನಗೇ ಅಂತಾಳ. ಹತ್ತಬ್ಯಾಡ, ಮುಂದಿನ ಡಬ್ಬಿಗಿ ಹೋಗೂಣು ಅಂದೆ. ಕೇಳಿದೇನು?”

“ಕೇಳ್ದೆ ಯವ್ವಾ. ಮುಂದಿನ ಡಬ್ಬಿಗೂ ಬಾಗಲಾ ಇತ್ತು.”

ಗಾಡಿ ಹೊರಟಿತು. ಆ ಕುಲುಕಿಗೆ ಖಾಲಾಳ ಮಡಿಲಲ್ಲಿ ಬಳೆಗಳು ಸದ್ದು ಮಾಡಿದವು. ತಾಯಿಯ ಕಿವಿ ನೆಟ್ಟಗಾಯಿತು. ಸೆರಗು ಸರಿದಿತ್ತು, ಮಲಾರ ಕಂಡಿತು.

“ಬಳಿಗಾರ್ತಿ ಏನವ್ವಾ ನೀನು? ದೇವರೇ ಕಳಸಿದಂಗ ಆತು ನೋಡು. ನನ್ನ ಮಗಳಿಗಿ ಹಸರ ಬಳಿ ತೊಡಸು. ಜಹೀರಾಬಾದ ಬರೋದರಾಗ ಆಗಲಿ.”

ಖಾಲಾ ಅಲ್ಲಾಡಲಿಲ್ಲ. ಬಳೆ ಅಂದರೆ ಕೈ ತಾನಾಗಿ ಮುಂದೆ ಬರುವವಳು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಗಲೇ ತಾಯಿ ಅವನ್ನು ನೋಡಿದ್ದು.

“ನಿನ್ನ ಕೈ ಬರಿದು ಅವಲ್ಲ,” ಅಂದಳು, ದನಿ ಇಳಿಸಿ. “ಗಂಡ ಇಲ್ಲೇನು?”

ನಮ್ಮ ಬಾಕು, ಎದುರು ಬಾಕು, ಆಚೆ ಬಾಗಿಲ ಬಳಿ ನಿಂತವರು, ಎಲ್ಲರೂ ಕೇಳಿಸಿಕೊಂಡರು. ರೈಲಿನ ಡಬ್ಬಿಯಲ್ಲಿ ಒಂದು ಮಾತು ಬಿದ್ದರೆ ಅದನ್ನು ಎತ್ತಿಕೊಂಡು ಹೊರಗೆ ಹೋಗಲಿಕ್ಕೆ ದಾರಿ ಇರುವುದಿಲ್ಲ. ಅವ್ವ ಏನೋ ಹೇಳಲಿಕ್ಕೆ ಬಾಯಿ ತೆರೆದಳು. ಒಂದು ಸುಳ್ಳು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಖಾಲಾ ಅಷ್ಟರಲ್ಲಿ ತಾನೇ ಅಂದಳು:

“ಗೊತ್ತಿಲ್ರಿ ಬಾಯಿ. ಅದೇ ನೋಡ್ಲಿಕ್ಕಿ ಹೊಂಟೀನಿ. ಇವತ್ತ ಸಂಜಿಗಿ ಗೊತ್ತಾಗ್ತದ.”

ತಾಯಿ ಹಿಂದಕ್ಕೆ ಒರಗಿದಳು. ಆಕೆ ಕೆಟ್ಟವಳಲ್ಲ, ಮುಖದಲ್ಲಿ ಮರುಕವೂ ಇತ್ತು, ಹೆದರಿಕೆಯೂ ಇತ್ತು. ಮಗಳ ಹೊಟ್ಟೆ ನೋಡಿದಳು, ಖಾಲಾಳ ಸೆರಗು ನೋಡಿದಳು. “ಇರಲಿ ಬಿಡವ್ವಾ. ಊರಾಗೇ ತೊಡಸ್ತೀವಿ.”

“ನೀವು ಅಂದಿದ್ದು ಖರೇ ಅದ,” ಖಾಲಾ ಅಂದಳು. “ಬರಿಗೈಲೆ ಇನ್ನೊಬ್ರಿಗಿ ತೊಡಸಬಾರದು. ನಮ್ಮತ್ತಿ ನನಗ ಮೊದಲ ಕಲಸಿದ ಮಾತೇ ಅದು. ಐದು ತಿಂಗಳಾತು, ಯಾರ ಕೈನೂ ಹಿಡದಿಲ್ರಿ ನಾನು.”

ನಾನು ನೋಡಿದ್ದನ್ನೆಲ್ಲ ಆಯಿಯ ಕಿವಿಯಲ್ಲಿ ಹೇಳುತ್ತಿದ್ದೆ. ಆಯಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದು, ಎದುರು ಬಾಕಿನ ಕಡೆ ಮುಖ ಮಾಡಿ ಮಾತಾಡಿದಳು.

“ಇಲ್ಲಿ ಕೇಳವ್ವಾ. ನನ್ನ ಕೈಗಿ ಬಳಿ ಇಲ್ದೇ ಮೂವತ್ತು ವರ್ಷ ಆತು. ಇದೇ ಕೈಲೆ ಹನ್ನೊಂದು ಕೂಸು ಹಿಡದೀನಿ, ನಮ್ಮ ಓಣಿದು. ನಾಲ್ಕು ಹ್ವಾದವು, ಏಳು ಉಳದವು. ನನ್ನ ಕೈ ನೋಡಿ ಉಳೀಲಿಲ್ಲ, ನನ್ನ ಕೈ ನೋಡಿ ಹೋಗಲೂ ಇಲ್ಲ. ತೊಡಸು ಅಂತ ನಾ ಅನ್ನಂಗಿಲ್ಲ, ಬ್ಯಾಡ ಅಂತನೂ ಅನ್ನಂಗಿಲ್ಲ. ನಿನಗ ಹ್ಯಾಂಗ ಸರಿ ಕಾಣ್ತದ ಹಂಗ ಮಾಡು.”

ಅಷ್ಟು ಹೇಳಿ ಆಯಿ ತಂಬಿಗೆಯಿಂದ ನೀರು ಕುಡಿದಳು. ತಾಯಿಗೆ ಏನು ಸರಿ ಕಂಡಿತೋ, ಆಕೆ ಸೆರಗಿನ ತುದಿ ಬಿಚ್ಚುವುದು ಕಟ್ಟುವುದು ಮಾಡುತ್ತ ಕೂತಳು. ಅಷ್ಟರಲ್ಲಿ ಬಸುರಿ ಹೆಂಗಸು ಗಾಯದ ಕೈಯನ್ನು ನಮ್ಮ ಕಡೆ ಚಾಚಿದಳು.

“ತೊಡಸ್ರಿ,” ಅಂದಳು.

“ಹುಚ್ಚ ಹಿಡದದೇನ ನಿನಗ?” ತಾಯಿ ಗದರಿದಳು.

“ಕೈ ನಂದು, ಯವ್ವಾ.”

ಖಾಲಾ ಬಹಳ ಹೊತ್ತು ಆ ಕೈಯನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು, ಏನೋ ಪರವಾನಗಿ ಕೇಳುವವಳ ಹಾಗೆ. ಅಪ್ಪ ತಲೆ ಆಡಿಸಲಿಲ್ಲ, ಬೇರೆ ಕಡೆಗೂ ನೋಡಲಿಲ್ಲ. ಕಡೆಗೆ ಸೆರಗಿನಿಂದ ಕೈ ತೆಗೆದು, ಆಯಿಯ ತಂಬಿಗೆಯ ನೀರನ್ನು ಬೊಗಸೆಗೆ ಹೊಯ್ಯಿಸಿಕೊಂಡು ಆ ಹುಡುಗಿಯ ಗಾಯ ತೊಳೆದಳು. ಗೆಣ್ಣು ಒತ್ತಿದಳು. ಒಂದು ಹಸಿರು ಬಳೆ ತೆಗೆದು, ಗಾಡಿ ತೂಗುವುದಕ್ಕೂ ತನ್ನ ಕೈಗೂ ತಾಳ ಹೊಂದಿಸಿಕೊಂಡು, ಗಾಡಿ ಎಡಕ್ಕೆ ವಾಲಿದಾಗ ಸುಮ್ಮನಿದ್ದು ಬಲಕ್ಕೆ ವಾಲಿದಾಗ ಏರಿಸಿದಳು. ಒಂಬತ್ತು ಬಳೆ. ಒಂದೂ ಹೆಚ್ಚಲಿಲ್ಲ. ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು ಎಂದು ಆಯಿ ನನಗೆ ಕಲಿಸಿದ್ದಳು.

ತೊಟ್ಟಾದ ಮೇಲೆ ಹುಡುಗಿ ಪದ್ಧತಿಯಂತೆ ಖಾಲಾಳ ಕಾಲು ಮುಟ್ಟಲು ಬಾಗಿದಳು. ಖಾಲಾ ಎರಡೂ ಕಾಲನ್ನು ಸರಕ್ಕನೆ ಬಾಕಿನ ಮೇಲೆ ಎಳೆದುಕೊಂಡಳು.

“ಇವತ್ತ ಬ್ಯಾಡ ಬೇಟಾ. ಯಾವ ಬಾಯಿಲೆ ಆಶೀರ್ವಾದ ಮಾಡ್ಲಿ ನಾನು?”

ಹುಡುಗಿ ಒಂದು ಗಳಿಗೆ ಹಾಗೇ ಬಾಗಿ ನಿಂತಿದ್ದಳು. ಹೊಟ್ಟೆ ಭಾರ, ಮೇಲೇಳಲಿಕ್ಕೂ ಕಷ್ಟ. ಆಮೇಲೆ ಮಲಾರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತಳು. ಜಹೀರಾಬಾದಿನಲ್ಲಿ ಇಳಿಯುವಾಗ ಆಕೆಯ ತಾಯಿ ತನ್ನ ಗಂಟು ಬಿಚ್ಚಿ, ಕುಬಸದ ಐದು ಉಂಡಿಗಳನ್ನು ಖಾಲಾಳ ಪಕ್ಕ ಬಾಕಿನ ಮೇಲಿಟ್ಟಳು. ಕೈಯಲ್ಲಿ ಕೊಡಲಿಲ್ಲ. ಆದರೆ ಇಟ್ಟಳು.

ವಿಕಾರಾಬಾದಿನಲ್ಲಿ ಇಳಿದು ಬೇರೆ ಗಾಡಿಗೆ ಕಾದೆವೆಂದು ನನ್ನ ನೆನಪು. ಅಲ್ಲಿ ರೊಟ್ಟಿ ತಿಂದೆವು. ಖಾಲಾ ತಿನ್ನಲಿಲ್ಲ. ಅವ್ವ ಎಷ್ಟು ಹೇಳಿದರೂ, “ಹೊಟ್ಟಿ ತುಂಬಿದಂಗ ಅದ ಅಕ್ಕಾ” ಅನ್ನುತ್ತಿದ್ದಳು. ಹೈದರಾಬಾದು ಹತ್ತಿರವಾದಂತೆ ಸೆರಗಿನೊಳಗಿಂದ ಕರಿಮಣಿಯ ಲಚ್ಛಾ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವರಲ್ಲೂ ಮುತ್ತೈದೆಯರ ಕೊರಳಿಗೆ ಕರಿಮಣಿಯೇ. ಅದು ಮೈದುನನ ಕೈಗೆ ಸಿಕ್ಕಿರಲಿಲ್ಲ.

ನಾಂಪಲ್ಲಿಯಲ್ಲಿ ಇಳಿದಾಗ ಹೊತ್ತು ಪಡುವಣಕ್ಕೆ ಇಳಿಯುತ್ತಿತ್ತು. ಅಪ್ಪ ಮೊದಲು ಧರ್ಮಶಾಲೆಗೆ ಹೋಗಿ ಸಾಮಾನು ಇಡೋಣ ಅಂದ. ಆಯಿ ಒಪ್ಪಲಿಲ್ಲ. “ನನ್ನ ಕಣ್ಣ ನಾಳಿ ತನಕ ಎಲ್ಲಿಗೂ ಓಡಿ ಹೋಗಂಗಿಲ್ಲ. ಮೊದಲ ಅಕಿ ಕೆಲಸ.” ಹಾಸಿಗೆಯ ಗಂಟಿನ ಸಮೇತ ಎಲ್ಲರೂ ಒಂದೇ ಟಾಂಗಾದಲ್ಲಿ ಕೂತು ಹಳೆ ಊರಿಗೆ ಹೋದೆವು.

ಬಳೆ ಮಾಡುವವರ ಗಲ್ಲಿ ಇಕ್ಕಟ್ಟಿನದು. ಟಾಂಗಾ ಒಳಗೆ ಹೋಗದು. ಆಯಿಯ ಕೈ ಹಿಡಿದುಕೊಂಡು ನಡೆದೆ. ಎರಡೂ ಕಡೆ ಸಣ್ಣ ಸಣ್ಣ ಒಲೆಗಳು, ಕಾದ ಅರಗಿನ ವಾಸನೆ. ಅಪ್ಪ ಒಂದೊಂದು ಅಂಗಡಿಯಲ್ಲಿ ಉರ್ದುವಿನಲ್ಲಿ ವಿಚಾರಿಸುತ್ತ ಮುಂದೆ ಹೋದ. ಬೀದರ ಜಿಲ್ಲೆಯ ಕಡೆಯವನು, ಎಡಚ, ಈಚೆಗೆ ಬಂದವನು. ಒಬ್ಬ ಮುದುಕ ಅಪ್ಪನ ಹಣೆಯ ವಿಭೂತಿಯನ್ನೂ ನಮ್ಮನ್ನೂ ಅಡಿಯಿಂದ ಮುಡಿಯ ತನಕ ನೋಡಿ, ಅಂಥವರು ಇಲ್ಲಿ ಯಾರೂ ಇಲ್ಲ ಅಂದುಬಿಟ್ಟ. ಆಗ ಖಾಲಾ ಮುಂದೆ ಬಂದು ತನ್ನ ಎರಡೂ ಬರಿಗೈಯನ್ನು ಆತನ ಮುಂದೆ ಹಿಡಿದಳು. ಮುದುಕ ಕಣ್ಣು ಕೆಳಗೆ ಮಾಡಿ, ಗಲ್ಲಿಯ ಕೊನೆಯ ಬಾಗಿಲು ತೋರಿಸಿದ.

ಒಳಗೆ ಒಲೆಯ ಮುಂದೆ ಒಬ್ಬನು ಕೋಲಿಗೆ ಅಂಟಿಸಿದ ಅರಗನ್ನು ಬೆಂಕಿಗೆ ಹಿಡಿದು ತಿರುಗಿಸುತ್ತಿದ್ದ. ಎಡಗೈಯಿಂದ.

“ಏನಾತು?” ಆಯಿ ನನ್ನ ಭುಜ ಹಿಸುಕಿದಳು. “ಅಂವನೇನು? ಹೇಳು.”

ನನಗೆ ಗುರುತು ಹತ್ತಲಿಲ್ಲ. ಗಡ್ಡ ಬೆಳೆದು, ಗಲ್ಲ ಒಳಗೆ ಹೋಗಿ, ಎಡ ಹುಬ್ಬಿನಿಂದ ಕಿವಿಯ ತನಕ ಒಂದು ಗಾಯದ ಕಲೆ. ನಾನು ಖಾಲಾಳ ಮುಖ ನೋಡಿದೆ. ಅಲ್ಲಿಂದ ಗೊತ್ತಾಯಿತು. “ಅಂವನೇ, ಆಯಿ.”

ಖಾಲಾ ಅಳಲಿಲ್ಲ, ಓಡಿ ಹೋಗಲೂ ಇಲ್ಲ. ಆತ ತಲೆ ಎತ್ತಿ ಆಕೆಯನ್ನೂ ಹಿಂದೆ ನಿಂತ ಅಪ್ಪನನ್ನೂ ನೋಡಿ ಎದ್ದು ಗೋಡೆಗೆ ಆತುಕೊಂಡ. “ಕೈಕು ಆಯಿ ತೂ?” ಅಂದ. ಯಾಕೆ ಬಂದೆ ಅಂತ. ದನಿ ಎಷ್ಟು ಸಣ್ಣದಿತ್ತೆಂದರೆ ನಾನು ಅದನ್ನು ಆಯಿಗೆ ಮತ್ತೊಮ್ಮೆ ಹೇಳಬೇಕಾಯಿತು.

ಖಾಲಾ ಅವನಿಗೆ ಕನ್ನಡದಲ್ಲೇ ಉತ್ತರ ಕೊಟ್ಟಳು. ಅವರವರಲ್ಲಿ ಅವರು ಕನ್ನಡ ಆಡುತ್ತಿರಲಿಲ್ಲ. ಆ ದಿನ ಆಕೆಗೆ ನಾವು ಕೇಳಬೇಕಾಗಿತ್ತೋ ಏನೋ.

“ನಿನ್ನ ತಮ್ಮ ನನ್ನ ಕೈ ಹಿಡದು ಬಳಿ ಒಡದ. ಐದು ತಿಂಗಳು ನಿನಗ ಸತ್ತಾನ ಅನ್ಲೋ ಬದಕ್ಯಾನ ಅನ್ಲೋ ತಿಳೀಲಾರದೇ ಕುಂತೀನಿ. ನೀ ಇಲ್ಲಿ ಮಂದಿ ಹೆಂಡಂದಿರಿಗಿ ಬಳಿ ಮಾಡ್ಕೋತ ಕುಂತಿ. ಒಂದು ಚೀಟಿ ಬರ್ಸಲಿಕ್ಕಿ ಆಗ್ಲಿಲ್ಲೇನು?”

“ಚೀಟಿ ಕಂಡು ಯಾರರೆ ಬರ್ತಾರ ಅಂತ ಅಂಜಿದೆ,” ಆತ ಅಂದ.

“ನಾನು ಬರ್ತೀನಿ ಅಂತ ಅನಸಲಿಲ್ಲೇನು?”

ಒಲೆಯ ಮೇಲೆ ಮರೆತ ಅರಗು ಕರಗಿ ಬೆಂಕಿಗೆ ಬಿದ್ದು ಹೊಗೆ ಎದ್ದಿತು. ಖಾಲಾ ಬಗ್ಗಿ ಆ ಕೋಲನ್ನು ತೆಗೆದು ಬದಿಗಿಟ್ಟಳು.

ಅಪ್ಪ ಆಗ ಒಳಗೆ ಹೋಗಿ ಆತನ ಎದುರು ನೆಲದ ಮೇಲೆ ಕೂತ. “ಈಗ ಎಲ್ಲಾ ತಣ್ಣಗಾಗ್ಯಾದ, ಭಾಯಿ. ನಡಿ. ನಮ್ಮ ಜೋಡಿ ಬಾ. ನಮ್ಮ ಮನ್ಯಾಗೇ ಇರು ಬೇಕಂದ್ರ. ಯಾರೂ ಏನೂ ಮಾಡಂಗಿಲ್ಲ, ನಾ ಇದ್ದೀನಿ.”

“ನಿಮ್ಮ ಮ್ಯಾಲ ನನಗೇನೂ ಇಲ್ಲ, ಅಣ್ಣಾ,” ಆತ ಅಂದ. ಕಲೆಯ ಮೇಲೆ ಬೆರಳಾಡಿಸಿದ. “ಮೂರು ದಿನ ಜೋಳದ ಹೊಲದಾಗ ಬಿದ್ದಿದ್ದೆ. ಹೊಡದೋರು ಯಾರು ಅಂತ ಗೊತ್ತಿಲ್ದಿದ್ರ ಬರ್ತಿದ್ದೆ. ನಾಲ್ಕು ಮಂದಿ ಅವರು. ನಾಲ್ಕೂ ಮನಿಗಿ ನಾ ಬಳಿ ತಂದು ಕೊಟ್ಟೀನಿ.”

“ಯಾರು?” ಅಪ್ಪ ಕೇಳಿದ. “ಹೆಸರ ಹೇಳು. ಭಾಲ್ಕಿಯವರೋ, ಆ ಕಡಿಯವರೋ? ಫಿರ್ಯಾದಿ ಕೊಡೂಣು.”

“ಹೇಳಂಗಿಲ್ರಿ. ನಾ ಹೇಳಿದ್ರ ಇಕಿ ಆ ಹೆಣಮಕ್ಕಳ ಕೈ ಹ್ಯಾಂಗ ಹಿಡೀತಾಳ? ಅವರರೆ ಇಕಿ ಮುಂದ ಹ್ಯಾಂಗ ಬಗ್ಗತಾರ? ಅವರು ಏನ ಮಾಡ್ಯಾರ್ರಿ ಪಾಪ.” ಖಾಲಾಳ ಕಡೆ ಕೈ ತೋರಿಸಿ, “ಇಕಿಗಿ ಹೋಗೋದದ ಅಂದ್ರ ಹೋಗಲಿ. ನಾ ಆ ಹಾದಿ ಮ್ಯಾಲ ಇನ್ನೊಮ್ಮಿ ನಡ್ಯಂಗಿಲ್ಲ” ಅಂದ.

ಗಲ್ಲಿಯಲ್ಲಿ ಯಾರೋ ಮಗುವನ್ನು ಕರೆಯುತ್ತಿದ್ದರು. ಖಾಲಾ ಒಮ್ಮೆ ನಮ್ಮ ಕಡೆ, ಒಮ್ಮೆ ಆತನ ಕಡೆ ನೋಡಿದಳು. ಔರಾದು, ಭಾಲ್ಕಿ, ನಡುವಿನ ಅಷ್ಟೂ ಹಳ್ಳಿ ಆ ಗಳಿಗೆ ಆಕೆಯ ಕಣ್ಣ ಮುಂದೆ ಹಾದುಹೋದವೋ ಏನೋ, ನಾನು ಹೇಳಲಾರೆ. ಕಂಡದ್ದಷ್ಟನ್ನು ಹೇಳುತ್ತೇನೆ. ಆಕೆ ಮಲಾರವನ್ನು ಹೆಗಲಿನಿಂದ ಇಳಿಸಿ ಗೋಡೆಯ ಗೂಟಕ್ಕೆ ಹಾಕಿದಳು. ಆಮೇಲೆ ಅವ್ವನ ಎರಡೂ ಕೈ ಹಿಡಿದು, ಬಳೆಗಳನ್ನು ಒಂದೊಂದಾಗಿ ಸರ್ರನೆ ಹಿಂದೆ ಮುಂದೆ ಮಾಡಿ ನೋಡಿದಳು, ಯಾವುದೂ ಸೀಳು ಬಿಟ್ಟಿಲ್ಲವಷ್ಟೆ ಎಂದು.

“ಇವು ಯುಗಾದಿ ತನಕ ಬರ್ತಾವ ಅಕ್ಕಾ. ಆಮ್ಯಾಲ ಯಾರ ಕೈಲೆ ತೊಟ್ರೂ ಎಡಗೈ ಹೆಬ್ಬಟ್ಟಿನ ಕೆಳಗ ಮೆತ್ತಗ ಒತ್ತು ಅಂತ ಹೇಳ್ರಿ. ನಿಮ್ಮ ಎಲುಬು ಅಲ್ಲಿ ದಪ್ಪ ಅದ.”

ಅವ್ವ ಆಕೆಯ ಕಾಲಿಗೆ ಬಾಗಿದಳು. ಈ ಸಲ ಖಾಲಾ ಕಾಲು ಎಳೆದುಕೊಳ್ಳಲಿಲ್ಲ.

ಹೈದರಾಬಾದಿನಲ್ಲಿ ಹನ್ನೆರಡು ದಿನ ಇದ್ದೆವು. ಆಯಿಯ ಒಂದು ಕಣ್ಣಿನ ಪೊರೆ ತೆಗೆದರು. ದಪ್ಪ ಗಾಜಿನ ಚಾಳೀಸು ಕೊಟ್ಟರು. ಅದನ್ನು ಹಾಕಿಕೊಂಡ ದಿನ ಆಕೆ ನನ್ನನ್ನು ನೋಡಿ, “ಇಷ್ಟು ಕರ್ರಗಿದ್ದಿ ಅಂತ ಒಮ್ಮೆರೆ ಹೇಳಿದೇನು ನೀ?” ಅಂದಳು.

ತಿರುಗಿ ಬರುವಾಗ ಗಾಡಿಯಲ್ಲಿ ನಾವು ನಾಲ್ಕೇ ಜನ. ಆಯಿ ಕಿಟಕಿಯ ಹೊರಗೆ ತಾನೇ ನೋಡುತ್ತ ಕೂತಿದ್ದಳು, ನನಗೆ ಕೆಲಸವಿರಲಿಲ್ಲ. ಬೀದರದಲ್ಲಿ ನಮ್ಮ ಕಡೆಯ ನಾಲ್ಕೈದು ಮಂದಿ ಹತ್ತಿದರು. ಎಲ್ಲ ಗುರುತಿನವರೇ. ಸಂತೆಯಲ್ಲಿ ಕಂಡರೆ ಕೂಗಿ ಕರೆದು ಚಹಾ ಕುಡಿಸುವವರು, ನಮ್ಮ ಹೊಲಕ್ಕೆ ತಮ್ಮ ಎತ್ತು ಕೊಟ್ಟವರು. “ಶರಣ್ರಿ, ಎಲ್ಲಿಗಿ ಹೋಗಿದ್ರಿ? ಅವ್ವಾರ ಕಣ್ಣ ಬಂತೇನ್ರಿ?” ಎಂದು ಬಾಯಿ ತುಂಬ ಕೇಳಿದರು.

“ಶರಣ್ರಿ,” ಅಂದ ಅಪ್ಪ. ಸರಿದು ಜಾಗ ಕೊಟ್ಟ. ಕಣ್ಣು ಬಂತು ಎಂದೂ ಹೇಳಿದ. ಆಮೇಲೆ ಭಾಲ್ಕಿ ಬರುವ ತನಕ ಒಬ್ಬೊಬ್ಬರ ಮುಖವನ್ನೂ, ಅವರು ಮಾತಾಡುತ್ತಿದ್ದ ಹೊತ್ತಿನಲ್ಲೂ ಸುಮ್ಮನಿದ್ದ ಹೊತ್ತಿನಲ್ಲೂ, ನೋಡುತ್ತ ಕೂತ.